ಅತ್ತೆಯ ಕೈ, ಸೊಸೆಯ ಸೆನ್ಸರ್

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆ ಇದೆಯಲ್ಲ, ಅದನ್ನು ಕಟ್ಟಿದವರು ಅಡುಗೆಮನೆ ನೋಡಿ ಕಟ್ಟಿರಬೇಕು. ಪ್ರಯೋಗಾಲಯವನ್ನಂತೂ ನೋಡಿರಲಿಕ್ಕಿಲ್ಲ. ಇಲ್ಲಿ ಇಬ್ಬರಿಗೂ ಒಂದೇ ಕಾಲ, ಒಂದೇ ಕಾರಿಡಾರು, ಒಂದೇ ಚಹಾ ಯಂತ್ರ. ಹಗಲೆಲ್ಲ ಜಗಳವಾಡಿದರೂ ಸಂಜೆ ಒಂದೇ ಬಸ್ಸು ಹತ್ತಿ ಒಂದೇ ಮನೆಗೆ ಹೋಗಬೇಕು.

ಅದು ದೂರದರ್ಶಕಗಳಿಗೆ ಸೆನ್ಸರ್ ತಯಾರಿಸುವ ಜಾಗ. ಸೆನ್ಸರ್ ಅಂದರೆ ಅಂಗೈ ಅಗಲದ, ಕನ್ನಡಿಯ ಹಾಗೆ ಹೊಳೆಯುವ ಸಿಲಿಕಾನ್ ಬಿಲ್ಲೆ. ನಕ್ಷತ್ರದ ಬೆಳಕು ಅದರ ಮೇಲೆ ಬಿದ್ದರೆ ಒಳಗೆ ಎಲೆಕ್ಟ್ರಾನುಗಳು ಏಳುತ್ತವೆ, ಅವನ್ನು ಎಣಿಸಿದರೆ ಚಿತ್ರ. ಹೇಳಲು ಒಂದು ಸಾಲು, ಕಲಿಯಲು ಒಂದು ಜನ್ಮ. ಆ ಜನ್ಮದ ಮುಕ್ಕಾಲುಪಾಲನ್ನು ಅತ್ತೆ ಈಗಾಗಲೇ ಕಳೆದಿದ್ದಳು, ತಲೆಯೆತ್ತಿಯೇ ಕಳೆದಿದ್ದಳು. ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದ ಕ್ಯಾಮೆರಾದಲ್ಲಿ, ನಟ್ಟನಡುವೆ ಕೂತಿದ್ದ ಸೆನ್ಸರ್ ಅವಳ ಕೈಯಿಂದ ಹೊರಟದ್ದು. ಅದರ ಸುತ್ತ ಕೂತ ಉಳಿದವೂ ಅವಳು ಪರೀಕ್ಷೆ ಮಾಡಿ ಸೈ ಅಂದವೇ. ಅವಳು ಸೈ ಅಂದ ಸೆನ್ಸರ್ ಬೆಟ್ಟದಿಂದ ವಾಪಸು ಬಂದದ್ದಿಲ್ಲ. ಅದು ಅವಳ ಜಂಬ, ಆ ಜಂಬಕ್ಕೆ ಆಧಾರವೂ ಇತ್ತು.

ಅವಳನ್ನು ಇಡೀ ಪ್ರಯೋಗಾಲಯ ಅತ್ತೆ ಅಂತಲೇ ಕರೆಯುತ್ತಿತ್ತು. ಅದಕ್ಕೆ ಕಾರಣ ಸೊಸೆ. ಅವಳು ಮೊದಲು ಬಂದದ್ದು ಶಿಷ್ಯೆಯಾಗಿ. ಅತ್ತೆಯ ಮಗ ಹಲ್ಲಿನ ಡಾಕ್ಟರು, ಒಂದು ದಿನ ಅಮ್ಮ ಮನೆಯಲ್ಲಿ ಮರೆತ ಕನ್ನಡಕ ಕೊಟ್ಟು ಹೋಗಲು ಬಂದವನು ಸಂಜೆಯ ಚಹಾ ಮುಗಿದರೂ ಹೋಗಲಿಲ್ಲ. ಆಮೇಲೆ ಅಮ್ಮ ಏನೂ ಮರೆಯದಿದ್ದರೂ ಬರತೊಡಗಿದ. ಮದುವೆಯಾದ ಮೊದಲ ಸೋಮವಾರ, ಅಲ್ಲಿಯವರೆಗೆ ಮೇಡಂ ಮೇಡಂ ಅನ್ನುತ್ತಿದ್ದ ಹುಡುಗಿ ತುಂಬಿದ ಕಾರಿಡಾರಿನಲ್ಲಿ ಗಾಬರಿಯಾಗಿ "ಅತ್ತೆ" ಅಂದುಬಿಟ್ಟಳು. ಮುಗಿಯಿತು. ಮಾರನೆಯ ದಿನದಿಂದ ಪಂಪು ರಿಪೇರಿಯವನಿಗೂ ಅತ್ತೆ, ನಿರ್ದೇಶಕನಿಗೂ ಅತ್ತೆ.

ಸೊಸೆ ಅತ್ತೆಯ ಹತ್ತಿರ ಎಲ್ಲವನ್ನೂ ಕಲಿತಳು, ಕಲಿತಾದ ಮೇಲೆ ಬೇರೆ ದಾರಿ ಹಿಡಿದಳು. ಹಳೆಯ ಸೆನ್ಸರಿನಲ್ಲಿ ಎಲೆಕ್ಟ್ರಾನುಗಳು, ಸಾಲಾಗಿ ನಿಂತ ಜನ ಕೈಯಿಂದ ಕೈಗೆ ಕೊಡ ದಾಟಿಸುವ ಹಾಗೆ, ಒಂದು ಪಿಕ್ಸೆಲ್‌ನಿಂದ ಪಕ್ಕದ ಪಿಕ್ಸೆಲ್‌ಗೆ ದಾಟುತ್ತ ದಾಟುತ್ತ ಮೂಲೆಯಲ್ಲಿರುವ ಒಬ್ಬನೇ ಅಳತೆಗಾರನ ಬಳಿ ಬರಬೇಕು. ಅಳತೆ ಕರಾರುವಾಕ್ಕು, ಆದರೆ ಆಮೆಯ ನಡಿಗೆ. ಸೊಸೆಯ ಹೊಸ ಸೆನ್ಸರಿನಲ್ಲಿ ಪ್ರತಿ ಪಿಕ್ಸೆಲ್‌ಗೂ ಅದರದೇ ಅಳತೆಗಾರ. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಚಿತ್ರ ಹೊರಗೆ ಬರುತ್ತಿತ್ತು. ಮಿಣುಕಿ ಮಾಯವಾಗುವ ಬೆಳಕನ್ನೂ ಅದು ಹಿಡಿಯಬಲ್ಲದು.

"ಊರಿಗೆಲ್ಲ ಅಳತೆಗಾರರಾದ್ರೆ ಒಬ್ಬೊಬ್ಬನ ಸೇರು ಒಂದೊಂದು ಥರ ಇರುತ್ತೆ ಕಣೇ," ಅಂತ ಅತ್ತೆ ಬಸ್ಸಿನಲ್ಲಿ ಕುಟುಕುವಳು.

"ಎಲ್ಲರ ಸೇರನ್ನೂ ಮೊದಲೇ ತಾಳೆ ನೋಡಿ ಸರಿ ಮಾಡಿಟ್ಟಿದ್ದೀನಿ ಅತ್ತೆ," ಅಂತ ಸೊಸೆ ಕಿಟಕಿಯ ಕಡೆ ನೋಡಿಕೊಂಡೇ ಹೇಳುವಳು.

ಹೀಗೆ ವರ್ಷಗಟ್ಟಲೆ ನಡೆಯಿತು. ಆ ವರ್ಷ ಬೆಟ್ಟದಿಂದ ಕ್ಯಾಮೆರಾವನ್ನೇ ಕೆಳಗಿಳಿಸಿ ತಂದರು. ನಡುವಿನ ಸೆನ್ಸರಿಗೆ ವಯಸ್ಸಾಗಿತ್ತು, ಅದನ್ನು ಬದಲಿಸಬೇಕಿತ್ತು. ಇಂಥ ಕ್ಯಾಮೆರಾವನ್ನು ಮನಸ್ಸು ಬಂದಾಗಲೆಲ್ಲ ಬಿಚ್ಚುವುದಿಲ್ಲ. ಒಮ್ಮೆ ಮುಚ್ಚಿ ಮೇಲೆ ಕಳಿಸಿದರೆ ಮತ್ತೆ ಬಿಚ್ಚುವ ಹೊತ್ತಿಗೆ ಕೂಸುಗಳು ಕಾಲೇಜು ಸೇರಿರುತ್ತವೆ. ಖಾಲಿಯಾಗುವ ಜಾಗ ಒಂದೇ. ಅಲ್ಲಿಗೆ ಅತ್ತೆಯ ಬೀರುವಿನಲ್ಲಿದ್ದ ಹಳೆಯ ಮಾದರಿಯ ಸೆನ್ಸರ್ ಹೋಗಬೇಕು, ಇಲ್ಲವೇ ಸೊಸೆಯ ಹೊಸದು. ಹೊಸದು ಈ ಸಲ ಹೋಗದಿದ್ದರೆ ಸೊಸೆಯ ಇಷ್ಟು ವರ್ಷದ ಕೆಲಸ ಬೀರು ಸೇರುತ್ತದೆ ಅನ್ನುವುದು ಚಹಾ ಯಂತ್ರಕ್ಕೂ ಗೊತ್ತಿತ್ತು.

ಹೊಸದನ್ನು ಪರೀಕ್ಷೆ ಮಾಡುವವರು ಯಾರು? ನಿರ್ದೇಶಕ ಎಲ್ಲದಕ್ಕೂ "ನೋಡೋಣ" ಅನ್ನುವ ಮನುಷ್ಯ. ಹಿಂದಿನಿಂದ ಎಲ್ಲರೂ ಅವನನ್ನು ನೋಡೋಣ ಅಂತಲೇ ಕರೆಯುತ್ತಿದ್ದರು. ಅವನು ಹೊರಗಿನವರನ್ನು ಕರೆಸೋಣವೇ ಅಂತ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತಳು.

"ನಾನು ಮಾಡ್ತೀನಿ. ಚೆನ್ನಾಗಿದ್ರೆ ಚೆನ್ನಾಗಿದೆ ಅಂತೀನಿ, ಕೆಟ್ಟಿದ್ರೆ ಕೆಟ್ಟಿದೆ ಅಂತೀನಿ. ಮನೇಲಿ ಊಟ ಹಾಕದಿದ್ರೆ ಹೋಟೆಲಲ್ಲಿ ತಿನ್ಕೋತೀನಿ."

ಎಲ್ಲರೂ ಸೊಸೆಯ ಮುಖ ನೋಡಿದರು. ಸೊಸೆ ಶಾಂತವಾಗಿ ಹೇಳಿದಳು: "ಅತ್ತೆನೇ ಮಾಡ್ಲಿ. ಬೇರೆ ಯಾರು ಪಾಸ್ ಅಂದ್ರೂ ನನಗೆ ನಂಬಿಕೆ ಬರಲ್ಲ."

ಒಂದೇ ಷರತ್ತು, ಪರೀಕ್ಷೆ ಮುಗಿಯುವವರೆಗೆ ಸೊಸೆ ಆ ಕೋಣೆಯ ಹೊಸ್ತಿಲು ತುಳಿಯಬಾರದು. ನಾಳೆ ಯಾರೂ ಬೆರಳು ತೋರಿಸಿ ಮಾತಾಡಬಾರದಲ್ಲ.

ಪರೀಕ್ಷೆಯ ಕೋಣೆ ಅತ್ತೆಯ ಸಾಮ್ರಾಜ್ಯ. ಗೋಡೆಗಳಿಗೆ ಕಪ್ಪು ಬಣ್ಣ, ಬಾಗಿಲ ಸಂದಿಗೆ ಕಪ್ಪು ರಬ್ಬರು, ನಡುವೆ ಗಾಳಿಯೆಲ್ಲ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆ. ಅದರೊಳಗೆ ಸೆನ್ಸರನ್ನು ಹಿಮಕ್ಕಿಂತ ಎಷ್ಟೋ ಪಾಲು ತಣ್ಣಗೆ ಮಾಡಿ ಕೂರಿಸುತ್ತಾರೆ, ಬೆಚ್ಚಗಿದ್ದರೆ ಸೆನ್ಸರ್ ತನ್ನಷ್ಟಕ್ಕೆ ತಾನೇ ಎಲೆಕ್ಟ್ರಾನುಗಳನ್ನು ಹುಟ್ಟಿಸಿಕೊಂಡು ಇಲ್ಲದ ನಕ್ಷತ್ರ ತೋರಿಸುತ್ತದೆ. ಅತ್ತೆ ಅಲ್ಲಿ ದೀಪ ಆರಿಸಿ ಕೆಲಸ ಮಾಡುತ್ತಿದ್ದಳು. ಯಾವ ಗುಂಡಿ ಎಲ್ಲಿದೆ ಅಂತ ಅವಳ ತಲೆ ಯೋಚಿಸುತ್ತಿರಲಿಲ್ಲ, ಬೆರಳುಗಳೇ ಹೋಗಿ ಒತ್ತಿ ಬರುತ್ತಿದ್ದವು.

ಮೊದಮೊದಲು ಬಂದ ಫಲಿತಾಂಶ ನೋಡಿ ಅತ್ತೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ತೀರಾ ಕ್ಷೀಣವಾದ ಬೆಳಕು ಬಿಟ್ಟರೆ ಹೊಸ ಸೆನ್ಸರ್ ಅದನ್ನು ಒಂದು, ಎರಡು, ಮೂರು ಅಂತ ಹನಿ ಎಣಿಸಿದ ಹಾಗೆ ಎಣಿಸಿತು. ಎರಡಕ್ಕೆ ಎರಡೇ, ಮೂರಕ್ಕೆ ಮೂರೇ. ಅವಳ ಕಾಲದಲ್ಲಿ ಅಷ್ಟು ಸಣ್ಣ ಬೆಳಕು ಯಂತ್ರದ ಗದ್ದಲದಲ್ಲೇ ಕಳೆದುಹೋಗುತ್ತಿತ್ತು. ಕತ್ತಲಲ್ಲಿ ಒಬ್ಬಳೇ ಕೂತಿದ್ದಳಾದ್ದರಿಂದ ಮುಖ ಮುಚ್ಚಿಕೊಳ್ಳುವ ಅಗತ್ಯ ಬೀಳಲಿಲ್ಲ. ಹೊಟ್ಟೆ ತುಂಬಿದ ಹಾಗಾಯಿತು. ನನ್ನ ಕೈಕೆಳಗೆ ಕಲಿತ ಹುಡುಗಿ ಇದನ್ನು ಮಾಡಿದ್ದಾಳೆ ಅಂತ ಅಷ್ಟೂ ಹೊತ್ತು ಮನಸ್ಸಿನಲ್ಲೇ ಹೇಳಿಕೊಂಡಳು, ಹೊರಗೆ ಬಂದು ಮಾತ್ರ ಮುಖ ಗಂಟಿಕ್ಕಿಕೊಂಡು ಚಹಾ ಕುಡಿದಳು.

ಆಮೇಲೆ ಬಂತು ಕತ್ತಲೆಯ ಪರೀಕ್ಷೆ. ಮುಚ್ಚಳ ಮುಚ್ಚಿ, ಏನೂ ತೋರಿಸದೆ ಸೆನ್ಸರಿಗೆ ಸಾಲಾಗಿ, ಒಂದೊಂದಕ್ಕೂ ಬಹಳ ಹೊತ್ತು ಹಿಡಿಯುವ ಚಿತ್ರ ತೆಗೆಯಲು ಹೇಳುವುದು. ಏನೂ ಇಲ್ಲದ ಕಡೆ ಅದು ಏನೂ ಇಲ್ಲ ಅನ್ನಬೇಕು. ಮನುಷ್ಯರಿಗೂ ಕಷ್ಟವಾದ ಪರೀಕ್ಷೆ ಅದು. ಮೊದಲ ಚಿತ್ರ ಪರದೆಯ ಮೇಲೆ ಬಂತು, ಅತ್ತೆ ಕನ್ನಡಕ ಸರಿಮಾಡಿಕೊಂಡಳು. ಒಂದು ಮೂಲೆಯಲ್ಲಿ ಮಸುಕಾದ ಬಿಳಿ ಮಚ್ಚೆ, ಒದ್ದೆ ಲೋಟ ಇಟ್ಟೆತ್ತಿದ ಮೇಲೆ ಮೇಜಿನ ಮೇಲುಳಿಯುವ ಗುರುತಿನ ಹಾಗೆ.

ಮಾರನೆಯ ಬೆಳಿಗ್ಗೆ ಮತ್ತೆ ಮಾಡಿದಳು, ಮಚ್ಚೆ ಇತ್ತು. ಅದರ ಮಾರನೆಯ ಬೆಳಿಗ್ಗೆಯೂ ಇತ್ತು, ಅದೇ ಮೂಲೆ, ಅದೇ ಆಕಾರ. ಅನ್ನ ಬೆಂದಿದೆಯಾ ನೋಡಲು ಒಂದಗುಳು ಸಾಕು ಅನ್ನುವವಳು ಅವಳು, ಪ್ರತಿ ಸರಣಿಯ ಮೊದಲ ಚಿತ್ರ ನೋಡಿಯೇ ತೀರ್ಮಾನಿಸಿದಳು. ಆ ಮೂಲೆಯಲ್ಲಿ ಬಿಲ್ಲೆಯ ಕೆಳಗಿನ ಅಂಟು ಸರಿಯಾಗಿ ಕೂತಿಲ್ಲ, ಅದಕ್ಕೇ ಎಲೆಕ್ಟ್ರಾನುಗಳು ಸೋರುತ್ತಿವೆ. ಇಂಥದ್ದನ್ನು ಅವಳು ಹಿಂದೆಯೂ ಕಂಡಿದ್ದಳು. ಅನುಮಾನ ಒಂದಿಷ್ಟೂ ಬರಲಿಲ್ಲ. ಸಂಕಟ ಮಾತ್ರ ಬಂತು, ಬಂದಷ್ಟೇ ಬೇಗ ಅದನ್ನು ನುಂಗಿಕೊಂಡಳು. ನೇರ ನಿರ್ದೇಶಕನ ಕೋಣೆಗೆ ಹೋಗಿ, ನಿಂತುಕೊಂಡೇ, "ಫೇಲ್," ಅಂದಳು.

ನಿರ್ದೇಶಕ "ನಾಳೆ ಬೆಳಿಗ್ಗೆ ಸಭೆ ಇದೆಯಲ್ಲ ಅತ್ತೆ, ಬೆಟ್ಟದಿಂದ ಮೇಲ್ವಿಚಾರಕಿ ಬರ್ತಾರೆ. ಅಲ್ಲೇ ನೋಡೋಣ," ಅಂದ.

ಅವತ್ತು ಸಂಜೆ ಊಟದ ಮೇಜಿನ ಎದುರು ಮೂರು ಜನ. ಮಗ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ಅಮ್ಮನಿಗೂ ಹೆಂಡತಿಗೂ ನಡುವೆ ಕೂತು, ಬಾಯಿ ತೆರೆಸುವುದೇ ಕಸುಬಾದವನು ಬಾಯಿ ತೆರೆಯದೆ ಊಟ ಮಾಡುತ್ತಿದ್ದ. ಅತ್ತೆಯೇ ಮಾತು ತೆಗೆದಳು. ಮುಚ್ಚುಮರೆ ಅವಳ ಜಾಯಮಾನದಲ್ಲಿರಲಿಲ್ಲ.

"ಎಣಿಸೋದರಲ್ಲಿ ಅದನ್ನ ಮೀರಿಸಿದ್ದು ನಾನು ಕಂಡಿಲ್ಲ. ಆದ್ರೆ ಕತ್ತಲೇಲಿ ಮೂಲೆ ಸೋರ್ತಿದೆ. ನಾಳೆ ಫೇಲ್ ಅಂತ ಹೇಳ್ತೀನಿ. ನಿನಗೆ ಮೊದಲೇ ಗೊತ್ತಿರ್ಲಿ."

ಸೊಸೆಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಬಣ್ಣ ಇಳಿದ ಮುಖ ಕಂಡು ಅತ್ತೆಯ ಕರುಳು ಚುರುಕ್ ಅಂದಿತು. ಆದರೂ ಮಾತು ಹಿಂದೆಗೆದುಕೊಳ್ಳಲಿಲ್ಲ. ಸೊಸೆ "ಚಿತ್ರ ನೋಡಬಹುದಾ ಅತ್ತೆ?" ಅಂದಳು. ಅತ್ತೆ ಫೋನಿನಲ್ಲಿ ತೋರಿಸಿದಳು. ಸೊಸೆ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ಬಹಳ ಹೊತ್ತು ನೋಡಿದಳು. ಅತ್ತೆ ಜಗಳಕ್ಕೆ ಸೊಂಟ ಕಟ್ಟಿ ಕೂತಿದ್ದಳು. ಜಗಳ ಬರಲಿಲ್ಲ.

"ಸರಣಿಯ ಉಳಿದ ಚಿತ್ರಗಳೂ ಇವೆಯಾ?"

"ಇವೆ. ಒಂದನ್ನೂ ಅಳಿಸಿಲ್ಲ. ಯಾಕೆ?"

"ಏನಿಲ್ಲ. ನಾಳೆ ಸಭೆಗೆ ಎಲ್ಲಾನೂ ತನ್ನಿ," ಅಂದ ಸೊಸೆ ಫೋನು ವಾಪಸು ಕೊಟ್ಟು, ಗಂಡನ ಕಡೆ ತಟ್ಟೆ ಚಾಚಿ ಇನ್ನೊಂದು ಸಲ ಬಡಿಸಿಕೊಂಡಳು.

ಸೆನ್ಸರ್ ಫೇಲಾದವಳು ಎರಡನೇ ಸಲ ಬಡಿಸಿಕೊಂಡು ಉಣ್ಣುತ್ತಾಳಲ್ಲ ಅಂತ ಅತ್ತೆಗೆ ವಿಚಿತ್ರ ಅನ್ನಿಸಿತು. ಇವಳಿಗೆ ಎದೆಗಾರಿಕೆ ಇದೆ, ತಡೆದುಕೊಳ್ಳುತ್ತಾಳೆ ಅಂದುಕೊಂಡು ಮಲಗಿದಳು.

ಬೆಳಿಗ್ಗೆ ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಯ ಮೇಲೆ ಬಿಳಿ ಪರದೆ. ಬೆಟ್ಟದಿಂದ ಬಂದಿದ್ದ ಮೇಲ್ವಿಚಾರಕಿ, ಕ್ಯಾಮೆರಾದ ಯೋಗಕ್ಷೇಮ ನೋಡಿಕೊಳ್ಳುವವಳು, ಕಡಿಮೆ ಮಾತಿನ ಹೆಂಗಸು. ಗಾಳಿಗೆ ಒಡೆದ ತುಟಿ, ಚುಚ್ಚುವ ಕಣ್ಣು. ಅತ್ತೆ ಎದ್ದು ನಿಂತು ಗಂಟೆ ಬಾರಿಸಿದ ಹಾಗೆ ಮಾತಾಡಿದಳು. ಸೆನ್ಸರಿನ ಗುಣ ಹೇಳಿದಳು, ಏನನ್ನೂ ಬಿಡಲಿಲ್ಲ. ಆಮೇಲೆ ಮಚ್ಚೆ ತೋರಿಸಿದಳು. "ಮೂಲೇಲಿ ಅಂಟಿನ ದೋಷ. ಇದು ಬೆಟ್ಟಕ್ಕೆ ಹೋಗೋ ಹಾಗಿಲ್ಲ."

ಸೊಸೆ ಮೇಜಿನ ಆ ತುದಿಯಲ್ಲಿ ಕೈಕಟ್ಟಿ ಕೂತಿದ್ದಳು.

"ಉಳಿದ ಚಿತ್ರಗಳು?" ಅಂದಳು ಮೇಲ್ವಿಚಾರಕಿ.

"ಅವೂ ಇವೆ, ನೋಡಿ," ಅಂತ ಅತ್ತೆ ಒಂದರ ಹಿಂದೊಂದು ಸರಸರ ಓಡಿಸಿದಳು. ಗೋಡೆಯ ಮೇಲೆ ಮಚ್ಚೆ, ಮಚ್ಚೆ, ಮಚ್ಚೆ. ಓಡಿಸುತ್ತಿದ್ದ ಹಾಗೇ ಅತ್ತೆಯ ಬೆರಳು ನಿಧಾನವಾಯಿತು. ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು. ಮೊದಲ ಚಿತ್ರದಲ್ಲಿ ಮಚ್ಚೆ ಎದ್ದು ಕಾಣುತ್ತಿತ್ತು, ನಡುವಿನದರಲ್ಲಿ ಪೇಲವವಾಗಿತ್ತು, ಕೊನೆಯದರಲ್ಲಿ ಹುಡುಕಬೇಕಿತ್ತು. ಮುಂದಿನ ಬೆಳಗಿನ ಸರಣಿ ತೆರೆದಳು. ಮೊದಲ ಚಿತ್ರದಲ್ಲಿ ಮತ್ತೆ ಗಟ್ಟಿ ಮಚ್ಚೆ, ಕೊನೆಗೆ ಮತ್ತೆ ಮಾಯ.

ದೋಷಕ್ಕೆ ದಣಿವು ಅನ್ನುವುದಿಲ್ಲ. ಇದು ಅತ್ತೆಯೇ ಶಿಷ್ಯರಿಗೆಲ್ಲ ಹೇಳಿಕೊಟ್ಟ ಪಾಠ. ಕೆಟ್ಟ ಅಂಟು ಬೆಳಿಗ್ಗೆಯೂ ಕೆಟ್ಟ ಅಂಟೇ, ಸಂಜೆಯೂ ಕೆಟ್ಟ ಅಂಟೇ. ಇದು ಕರಗುತ್ತಿದೆ ಅಂದರೆ ಸೆನ್ಸರಿನದಲ್ಲ, ಯಾವುದೋ ಬೆಳಕು ಬಿಟ್ಟುಹೋದ ಗುರುತು. ಪ್ರತಿ ಬೆಳಿಗ್ಗೆ ಯಾರೋ ಬಂದು ಬೆಳಕು ಹಾಕುತ್ತಿದ್ದಾರೆ. ಪ್ರತಿ ಬೆಳಿಗ್ಗೆ ಆ ಕೋಣೆಗೆ ಬರುವವರು ಯಾರು? ಬೀಗದ ಕೈ ಇರುವುದು ಯಾರ ಹತ್ತಿರ?

ಅತ್ತೆ ತನ್ನ ಎಡಗೈಯನ್ನು ನೋಡಿಕೊಂಡಳು.

ಹೊಸ ಮಡಕೆಗೆ ನೀರು ತುಂಬಿದರೆ ಮೊದಲ ಚೊಂಬು ನೀರನ್ನು ಮಡಕೆಯೇ ಕುಡಿದುಬಿಡುತ್ತದೆ. ಹಳೆಯ ಮಾದರಿಯ ಸೆನ್ಸರುಗಳೂ ಹಾಗೇ, ಬಂದ ಸಣ್ಣ ಬೆಳಕನ್ನು ತಾವೇ ನುಂಗಿ ಕೂರುತ್ತಿದ್ದವು. ಅದಕ್ಕೆ ಅತ್ತೆ ಚಿಕ್ಕವಳಿದ್ದಾಗಲೇ ಒಂದು ಉಪಾಯ ಮಾಡಿದ್ದಳು. ಪೆಟ್ಟಿಗೆಯೊಳಗೆ ಮೂಲೆಯಲ್ಲಿ ಒಂದು ಪುಟ್ಟ ದೀಪ ಕೂರಿಸಿ, ಪರೀಕ್ಷೆಗೆ ಮುಂಚೆ ಅದನ್ನು ಒಮ್ಮೆ ಮಿಂಚಿಸಿ ಸೆನ್ಸರಿನ ದಾಹ ತೀರಿಸುವುದು. ಆಮೇಲೆ ಬಂದ ಬೆಳಕೆಲ್ಲ ಲೆಕ್ಕಕ್ಕೆ ಸಿಗುತ್ತಿತ್ತು. ಅಷ್ಟೂ ವರ್ಷ, ಕತ್ತಲಲ್ಲಿ ಕೂತ ಕೂಡಲೇ ಅವಳ ಎಡಗೈ ಹೋಗಿ ಆ ಗುಂಡಿ ಒತ್ತಿ ಬಂದಿದೆ. ಮನೆಯಿಂದ ಹೊರಡುವಾಗ ಬಾಗಿಲು ಎಳೆದುಕೊಂಡೆನಾ ಅಂತ ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ? ಸೊಸೆಯ ಸೆನ್ಸರಿಗೆ ಆ ದಾಹವೇ ಇರಲಿಲ್ಲ. ಅದರ ಮೇಲೆ ಆ ಬೆಳಕು ಸುರಿದರೆ ಪ್ರವಾಹ. ಪ್ರವಾಹ ಇಳಿದ ಮೇಲೂ ಕೆಸರು ಉಳಿಯಿತು. ವಿಪರೀತ ಬೆಳಕು ಬಿದ್ದರೆ ಕೆಲವು ಗಂಟೆ ಗುರುತು ಉಳಿಯುತ್ತದೆ ಅಂತ ಸೊಸೆ ತನ್ನ ವರದಿಯಲ್ಲಿ ಬರೆದೂ ಇದ್ದಳು. ಅತ್ತೆ ಓದಿಯೂ ಇದ್ದಳು. ಓದಿದ್ದು ತಲೆ, ಗುಂಡಿ ಒತ್ತಿದ್ದು ಕೈ.

ನಾಚಿಕೆ ಕಾಲಿಂದ ತಲೆಯವರೆಗೆ ಬಿಸಿಯಾಗಿ ಏರಿತು. ಅತ್ತೆ ಒಂದು ಗುಟುಕು ನೀರು ಕುಡಿದು ಸಭೆಯ ಕಡೆ ತಿರುಗಿದಳು.

"ಈಗ ಹೇಳಿದ್ದನ್ನ ಅಳಿಸಿಹಾಕಿ. ಸೆನ್ಸರ್ ಸರಿ ಇದೆ. ತಪ್ಪು ನನ್ನದು." ಆಮೇಲೆ ದೀಪದ ವಿಷಯವನ್ನು ಮೊದಲಿಂದ ಕೊನೆಯವರೆಗೆ, ಬಿಡಿಸಿ ಬಿಡಿಸಿ, ಬೇರೆ ಯಾರದೋ ತಪ್ಪನ್ನು ವಿವರಿಸುವಷ್ಟೇ ಗಟ್ಟಿ ದನಿಯಲ್ಲಿ ಹೇಳಿದಳು.

ನಿರ್ದೇಶಕನ ಬಾಯಿಂದ ನೋಡೋಣ ಕೂಡ ಹೊರಡಲಿಲ್ಲ. ಮೇಲ್ವಿಚಾರಕಿ ಪೆನ್ನು ಮೇಜಿನ ಮೇಲಿಟ್ಟಳು.

"ನಿನ್ನೆ ಫೇಲ್, ಇವತ್ತು ಅರ್ಧ ಮಾತಾಡೋವರೆಗೂ ಫೇಲ್, ಈಗ ಪಾಸ್. ತಪ್ಪು ತಿಳ್ಕೋಬೇಡಿ. ನೀವಿಬ್ರೂ ಒಂದೇ ಮನೆಯವರು. ನಿಮ್ಮ ಫೇಲ್ ಅನ್ನೋ ಮಾತನ್ನ ನಾನು ಕಣ್ಣುಮುಚ್ಚಿ ನಂಬ್ತಿದ್ದೆ. ಪಾಸ್ ಅನ್ನೋ ಮಾತನ್ನ ಹೇಗೆ ನಂಬ್ಲಿ?"

ಮಾತು ಕೆನ್ನೆಗೆ ಬಾರಿಸಿದ ಹಾಗೆ ಬಿತ್ತು. ಸೊಸೆ ಕುರ್ಚಿಯಲ್ಲಿ ಅರ್ಧ ಎದ್ದಳು. ಅತ್ತೆ ಅವಳನ್ನು ಕಣ್ಣಿನಲ್ಲೇ ಕೂರಿಸಿದಳು. ಕೋಪ ಬಂದಿತ್ತು, ಆದರೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ತಾನೇ ಆ ಕುರ್ಚಿಯಲ್ಲಿದ್ದಿದ್ದರೆ ಅದನ್ನೇ ಕೇಳುತ್ತಿದ್ದಳು.

"ನಂಬಬೇಡಿ," ಅಂದಳು. "ನನ್ನನ್ನೂ ನಂಬಬೇಡಿ, ಅವಳನ್ನೂ ನಂಬಬೇಡಿ. ಬನ್ನಿ, ನೀವೇ ಕೂತು ಮಾಡಿ. ಸೆನ್ಸರ್ ಇನ್ನೂ ಪೆಟ್ಟಿಗೇಲೇ ತಣ್ಣಗಿದೆ, ಇವತ್ತು ನಾನಿನ್ನೂ ಆ ಕೋಣೆಗೆ ಕಾಲಿಟ್ಟಿಲ್ಲ."

ಹಾಗೆ ಮೇಲ್ವಿಚಾರಕಿ ಯಂತ್ರದ ಮುಂದೆ ಕೂತಳು. ಕಪ್ಪು ಕೋಣೆಯಲ್ಲಿ ಅತ್ತೆಗೆ ಗೋಡೆಯ ಪಕ್ಕದಲ್ಲಿ ಒಂದು ಕುರ್ಚಿ, ಬಾಗಿಲ ಬಳಿ ನಿರ್ದೇಶಕ, ಅವನ ಹಿಂದೆ ಸೊಸೆ. ಅತ್ತೆ ಬಾಯಲ್ಲಿ ಹೇಳುತ್ತ ಹೋದಳು, ಮೇಲ್ವಿಚಾರಕಿ ಒತ್ತುತ್ತ ಹೋದಳು. ದೀಪ ಆರಿತು. ಕತ್ತಲಾಯಿತೋ ಇಲ್ಲವೋ, ಅತ್ತೆಯ ಎಡಗೈ ಮಡಿಲಿನಿಂದ ತಾನಾಗಿ ಎದ್ದು ಗಾಳಿಯಲ್ಲಿ ಗುಂಡಿ ಹುಡುಕಿತು. ಥೂ, ನಿನ್ನ, ಅಂತ ಮನಸ್ಸಿನಲ್ಲೇ ಬೈದುಕೊಂಡು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೇ ಕೂತಳು. ಚಿತ್ರ ಮುಗಿಯುವವರೆಗೆ, ಬೆರಳು ಜೋಮು ಹಿಡಿದರೂ ಏಳಲಿಲ್ಲ.

ಕಾಯುವ ಹೊತ್ತು ಉದ್ದವಾಗಿತ್ತು. ಒಳಗೊಳಗೇ ಅತ್ತೆಗೆ ಒಂದು ಕ್ಷಣವೂ ಅಳುಕಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಂಟೂ ಕೆಟ್ಟಿದ್ದರೆ? ದೀಪವೂ ಕಾರಣ, ಅಂಟೂ ಕಾರಣ ಆಗಿದ್ದರೆ? ಆದರೆ ಕರಗಿಹೋದ ಆ ಮಚ್ಚೆಗಳನ್ನು ನೆನೆಸಿಕೊಂಡ ಕೂಡಲೇ ಧೈರ್ಯ ಬಂತು. ತನ್ನ ಕೈ ತಪ್ಪಿರಬಹುದು, ಈಗ ಕಣ್ಣು ತಪ್ಪಿಲ್ಲ.

ಚಿತ್ರ ಬಂತು. ಕಪ್ಪು. ಮೂಲೆಯೂ ಕಪ್ಪು, ನಡುವೂ ಕಪ್ಪು. ಮೇಲ್ವಿಚಾರಕಿ ಅದನ್ನು ಹಿಗ್ಗಿಸಿದಳು, ಎಳೆದಾಡಿದಳು, ಲೆಕ್ಕ ಹಾಕಿಸಿದಳು. ಏನೂ ಇಲ್ಲದ ಕಡೆ ಸೆನ್ಸರ್ ಏನೂ ಇಲ್ಲ ಅಂದಿತ್ತು.

"ಇಷ್ಟಕ್ಕೇ ಬಿಡಬೇಡಿ," ಅಂದಳು ಅತ್ತೆ ಕೈ ಉಜ್ಜಿಕೊಳ್ಳುತ್ತ. "ಈಗ ಆ ಎಡಗಡೆ ಗುಂಡಿ ಒತ್ತಿ, ಮತ್ತೆ ತೆಗೀರಿ. ಕಳ್ಳ ಬಂದಾಗ ಕಳವು ಆಗ್ಬೇಕು, ಬರದಿದ್ದಾಗ ಆಗಬಾರದು. ಎರಡೂ ನೋಡಿದ್ರೇನೇ ಕಳ್ಳ ಸಿಕ್ಕ ಅಂತ."

ಒತ್ತಿದರು. ಚಿತ್ರದಲ್ಲಿ ಮಚ್ಚೆ ಬಂದು ಕೂತಿತು, ಅದೇ ಮೂಲೆ, ಅದೇ ಆಕಾರ. ಮುಂದಿನ ಚಿತ್ರಗಳಲ್ಲಿ ಕರಗುತ್ತ ಹೋಯಿತು.

"ಬೆಟ್ಟದ ಮೇಲೆ ಯಾವುದಾದ್ರೂ ನಕ್ಷತ್ರ ಇಷ್ಟೊಂದು ಬೆಳಕು ಸುರಿದ್ರೆ?" ಅಂತ ಮೇಲ್ವಿಚಾರಕಿ ಈ ಸಲ ಸೊಸೆಯನ್ನು ಕೇಳಿದಳು.

"ನೀವು ನೋಡೋ ನಕ್ಷತ್ರಗಳಲ್ಲಿ ಅಂಥದ್ದಿಲ್ಲ. ಅಕಸ್ಮಾತ್ ಆಯ್ತು ಅಂದ್ರೆ ಗುರುತು ಹೋಗೋವರೆಗೆ ಆ ಮೂಲೇನ ಲೆಕ್ಕಕ್ಕೆ ತಗೋಬೇಡಿ. ಅದು ತಾನಾಗೇ ಹೋಗುತ್ತೆ."

ಮೇಲ್ವಿಚಾರಕಿ ಎದ್ದಳು, ಸೊಸೆಯ ಕೈ ಕುಲುಕಿದಳು. "ನಾಳೆ ಬೆಳಿಗ್ಗೆ ಕೂರಿಸಿ." ಅತ್ತೆಯ ಕಡೆ ತಿರುಗಿ, "ಈಗ ನಂಬ್ತೀನಿ," ಅಂದಳು. ನಿರ್ದೇಶಕ ಹಿಂದಿನಿಂದ, "ನಾನು ಮೊದಲೇ ಅಂದ್ಕೊಂಡಿದ್ದೆ," ಅಂದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ಸೊಸೆಯನ್ನು ಚಹಾ ಯಂತ್ರದ ಹತ್ತಿರ ನಿಲ್ಲಿಸಿಕೊಂಡಳು. ಬೆಳಿಗ್ಗೆಯಿಂದ ಒಂದು ಮಾತು ಕೇಳಬೇಕಿತ್ತು.

"ನಿನ್ನೆ ಊಟ ಮಾಡುವಾಗ ಉಳಿದ ಚಿತ್ರ ತನ್ನಿ ಅಂದೆಯಲ್ಲ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

"ಯಾವಾಗಿಂದ?"

"ನೋಡಿದ ತಕ್ಷಣ. ಮಚ್ಚೆ ದೀಪ ಇರೋ ಮೂಲೇಲೇ ಇತ್ತಲ್ಲ. ನಿಮ್ಮ ಪಕ್ಕದಲ್ಲಿ ಕೂತು ಕಲಿತೋಳು, ನಿಮ್ಮ ಎಡಗೈ ನನಗೆ ಗೊತ್ತಿಲ್ವಾ?"

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

ಸೊಸೆ ಲೋಟದೊಳಗೆ ನೋಡುತ್ತ ಹೇಳಿದಳು: "ಮನೇಲಿ ಹೇಳಿದ್ರೆ, ನಾನು ಹೇಳಿಕೊಟ್ಟು ನಿಮ್ಮ ಮಾತು ಬದಲಾಯ್ತು ಅಂತಿದ್ರು. ಸಭೇಲಿ ಹೇಳಿದ್ರೆ ಎಲ್ಲರೆದುರು ನಿಮ್ಮ ಮರ್ಯಾದೆ ಹೋಗ್ತಿತ್ತು. ಚಿತ್ರಗಳನ್ನ ಸಾಲಾಗಿ ನೋಡಿದ್ರೆ ನೀವೇ ಹಿಡೀತೀರಿ ಅಂತ ಸುಮ್ಮನಿದ್ದೆ."

"ಹಿಡೀದೇ ಇದ್ದಿದ್ರೆ?"

ಸೊಸೆ ಲೋಟ ಕೆಳಗಿಟ್ಟಳು. "ಬೀರುವಿಗೆ ಹೋಗ್ತಿತ್ತು," ಅಂದಳು.

ಅತ್ತೆಗೆ ಎದೆ ತುಂಬಿ ಬಂತು, ಅದರ ಬೆನ್ನಿಗೇ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷದ ಕೆಲಸ, ಹನಿ ಹನಿ ಬೆಳಕು ಎಣಿಸುವ ಅಂಥ ಸೆನ್ಸರ್, ಅದನ್ನು ಈ ಹುಡುಗಿ ಅತ್ತೆಯ ಮುದಿ ಕಣ್ಣಿನ ಮೇಲೆ ಪಣಕ್ಕಿಟ್ಟು, ಎರಡನೇ ಸಲ ಬಡಿಸಿಕೊಂಡು ಊಟ ಮಾಡಿದ್ದಾಳೆ.

"ಬುದ್ಧಿ ಇದೆಯೇನೇ ನಿನಗೆ?" ಅಂದಳು. "ನನ್ನ ಮರ್ಯಾದೆ ಕಟ್ಕೊಂಡು ಬೆಟ್ಟಕ್ಕೇನಾಗಬೇಕು? ನಾನು ಇವತ್ತಿದ್ದೀನಿ, ನಾಳೆ ಮನೇಲಿ ಕೂರ್ತೀನಿ. ಅದು ಮೇಲೆ ಹೋಗಿ ಇನ್ನೂ ಯಾರೂ ಕಾಣದ್ದನ್ನ ಕಾಣಬೇಕು. ನಾನು ಎಡವಿದ್ರೆ ಎಡವಿದೆ ಅನ್ನು. ಯಾರಿದ್ರೂ ಸರಿ, ಎಲ್ಲಿದ್ರೂ ಸರಿ, ಮುಖಕ್ಕೆ ಹೊಡೆದ ಹಾಗೆ ಹೇಳು. ಇಷ್ಟೂ ವರ್ಷ ನಿನಗೆ ನಾನು ಕಲಿಸಿದ್ದೇನು, ಅತ್ತೆಗೆ ಹೆದರೋದಾ?"

"ಹೆದರಿಕೆ ಅಲ್ಲ ಅತ್ತೆ. ಪ್ರೀತಿ."

"ಅದನ್ನ ಮನೇಲಿಟ್ಕೋ," ಅಂದ ಅತ್ತೆ ಕಣ್ಣು ಒರೆಸಿಕೊಂಡು, ಚಹಾ ಯಂತ್ರಕ್ಕೆ ಒಂದು ಗುದ್ದು ಕೊಟ್ಟು ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಧೂಳಿಲ್ಲದ ಕೋಣೆಯಲ್ಲಿ ಕ್ಯಾಮೆರಾ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಅತ್ತೆ, ಸೊಸೆ ಇಬ್ಬರೂ ಬಿಳಿ ನಿಲುವಂಗಿ, ಟೋಪಿ, ಮುಖಗವಸು, ಕೈಗವಸು ಹಾಕಿ ನಿಂತರು, ಕಣ್ಣೊಂದೇ ಹೊರಗೆ. ಗಾಜಿನ ಗೋಡೆಯ ಆಚೆ ನಿರ್ದೇಶಕ, ಮೇಲ್ವಿಚಾರಕಿ ಮತ್ತು ಕೆಲಸವಿದ್ದವರು ಇಲ್ಲದವರೆಲ್ಲ ನೆರೆದಿದ್ದರು. ಒಳಗೆ ಆಡಿದ್ದು ಆಚೆಗೂ ಕೇಳುವ ಹಾಗೆ ಸ್ಪೀಕರು ಇತ್ತು. ಕೂರಿಸುವ ಕೆಲಸ ಯಾವತ್ತೂ ಅತ್ತೆಯದೇ. ಅವಳಷ್ಟು ಅಲುಗದ ಕೈ ಆ ಕಟ್ಟಡದಲ್ಲಿ ಇನ್ನೊಂದಿರಲಿಲ್ಲ.

ತನ್ನ ಹಳೆಯ ಸೆನ್ಸರನ್ನು ಅವಳೇ ಬಿಚ್ಚಿ ತೆಗೆದಳು. ಒಂದು ಕ್ಷಣ ಅಂಗೈ ಮೇಲೆ ಹಿಡಿದು ನೋಡಿದಳು, ಚೆನ್ನಾಗಿ ದುಡಿದೆ ಅಂದಳು, ಡಬ್ಬಿಯಲ್ಲಿಟ್ಟಳು. ನೋವಾಯಿತು, ಆಗದೆ ಇರುತ್ತದೆಯೇ? ಆದರೆ ಕೈ ನಡುಗಲಿಲ್ಲ. ಹೊಸದನ್ನು ಹಿಡಿಕೆಯಲ್ಲಿ ಎತ್ತಿ, ಖಾಲಿ ಜಾಗದ ಮೇಲೆ ತಂದು, ಉಸಿರು ಬಿಗಿಹಿಡಿದು ಮೆಲ್ಲಗೆ ಇಳಿಸತೊಡಗಿದಳು. ಗಾಜಿನಾಚೆಯೂ ಯಾರೂ ಉಸಿರಾಡುತ್ತಿರಲಿಲ್ಲ.

"ನಿಲ್ಲಿಸಿ ಅತ್ತೆ."

ಅತ್ತೆಯ ಕೈ ಅಲ್ಲೇ ನಿಂತಿತು. ಸೊಸೆ ಇಷ್ಟು ವರ್ಷದಲ್ಲಿ ಅವಳಿಗೆ ನಿಲ್ಲಿಸಿ ಅಂದದ್ದು ಅದೇ ಮೊದಲು.

"ತಿರುಗುಮುರುಗಾಗಿ ಹಿಡಿದಿದ್ದೀರಿ. ಹಳೇದರ ಪಿನ್ನು ಬಾಗಿಲ ಕಡೆ ಬರುತ್ತೆ. ಇದರದ್ದು ಗಾಜಿನ ಗೋಡೆ ಕಡೆ ಬರಬೇಕು."

ಅತ್ತೆ ಬಗ್ಗಿ ನೋಡಿದಳು. ಹೌದು. ಇನ್ನು ಕೂದಲೆಳೆಯಷ್ಟು ಇಳಿದಿದ್ದರೆ ಪಿನ್ನುಗಳು ಮುರಿಯುತ್ತಿದ್ದವು. ಗಾಜಿನಾಚೆ ನಿರ್ದೇಶಕ ಎರಡೂ ಕೈ ತಲೆಯ ಮೇಲೆ ಹೊತ್ತಿದ್ದ. ಅತ್ತೆಗೆ ಚುರುಕ್ ಅಂತ ಚುಚ್ಚಿತು, ಚುಚ್ಚಿದ ಕಡೆಯೇ ಹಿತವೂ ಆಯಿತು. ಅವಳು ಸೊಸೆಯ ಕಡೆ ನೋಡಿದಳು. ಮುಖಗವಸಿನ ಮೇಲಿನ ಆ ಎರಡು ಕಣ್ಣುಗಳಲ್ಲಿ ಹೆದರಿಕೆ ಇರಲಿಲ್ಲ.

"ಇನ್ನೂ ಸ್ವಲ್ಪ ಜೋರಾಗಿ ಹೇಳು," ಅಂದಳು ಅತ್ತೆ. "ಹಿಂದೆ ನಿಂತೋರಿಗೆ ಕೇಳಿಸಿಲ್ಲ."

ಸೊಸೆ ಜೋರಾಗಿ ಹೇಳಿದಳು. ಅತ್ತೆ ಸೆನ್ಸರನ್ನು ತಿರುಗಿಸಿ ಹಿಡಿದು, ನಡುವಿನ ಜಾಗದಲ್ಲಿ ಕೂರಿಸಿದಳು.